ಮೊದಲ ವರ್ಷ ಅನಿಮೋನಿ ಬೇಡ



ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಮೊದಲೆಲ್ಲ ಸೈಕಲ್ಲೋ ವಾಚೋ ಉಡುಗೊರೆ ಬರುತ್ತಿತ್ತು. ಈಗ ನಮ್ಮ ವಾಳೆಗಳಲ್ಲಿ ಎರಡು ಮೂರು ಮನೆಗೆ ಉಪ್ಪುನೀರಿನ ಅಕ್ವೇರಿಯಂ ಬಂದಿದೆ. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಸಿನಿಮಾವನ್ನು ಮಕ್ಕಳು ಇನ್ನೂ ನೋಡುತ್ತಾರೆ. ಹಾಗಾಗಿ ಕ್ಲೌನ್ ಮೀನು ಬೇಕು, ಅದು ಅಡಗಿ ಕೂರುವ ಸೀ ಅನಿಮೋನಿಯೂ ಬೇಕು. ಮೀನಿಗೆ ನಮ್ಮ ತಕರಾರಿಲ್ಲ. ಅನಿಮೋನಿಗೆ ಇದೆ.

ನಮ್ಮ ಯುವ ಸಂಘದ ಒಬ್ಬರ ಮನೆಯಲ್ಲಿ ನಡೆದದ್ದು ಹೇಳುತ್ತೇವೆ. ಅಂಗಡಿಯವರು ಟ್ಯಾಂಕ್, ಉಪ್ಪು, ಎರಡು ಮೀನು, ಒಂದು ಅನಿಮೋನಿ ಎಲ್ಲವನ್ನೂ ಒಂದೇ ದಿನ ಕೊಟ್ಟು ಕಳಿಸಿದರು. ಎರಡು ವಾರ ಚಂದವಿತ್ತು. ಆಮೇಲೆ ಒಂದು ರಾತ್ರಿ ಅನಿಮೋನಿ ಕೂತ ಜಾಗ ಬಿಟ್ಟು ಹೊರಟಿತು. (ಹೌದು, ಅದು ನಡೆಯುತ್ತದೆ. ಹೂವಿನ ಹಾಗೆ ಕಂಡರೂ ಅದು ಪ್ರಾಣಿ.) ಬೆಳಗ್ಗೆ ನೋಡಿದರೆ ಪಂಪಿನ ಬಾಯಿಗೆ ಸಿಕ್ಕಿ ಚೂರುಚೂರಾಗಿತ್ತು, ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು, ಮೀನೆರಡೂ ಸತ್ತು ತೇಲುತ್ತಿದ್ದವು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವನು ಕೇಳಿದ್ದು ಒಂದೇ: "ನಾನು ಏನು ತಪ್ಪು ಮಾಡಿದೆ?" ಅವನು ಏನೂ ತಪ್ಪು ಮಾಡಿರಲಿಲ್ಲ. ದೊಡ್ಡವರು ಅವಸರ ಮಾಡಿದ್ದರು.

ಹೊಸ ಟ್ಯಾಂಕಿನಲ್ಲಿ ಮೀನಿನ ಹೊಲಸಿನಿಂದ ಅಮೋನಿಯಾ ಏಳುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟಾದರೆ ಮೀನಿಗೆ ಸಾಕು. ಅನಿಮೋನಿಗೆ ಸಾಲದು. ಅನುಭವಸ್ಥರು ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಾಯಿರಿ ಎನ್ನುತ್ತಾರೆ. ಅದರ ಮೈಯೊಳಗೆ ಪಾಚಿ ವಾಸಿಸುತ್ತದೆ, ಆ ಪಾಚಿ ಬೆಳಕಿನಿಂದ ಮಾಡಿದ ಆಹಾರದಲ್ಲಿ ಅನಿಮೋನಿಗೂ ಪಾಲು. ಬೆಳಕು ಸಾಲದಿದ್ದರೆ ಪಾಚಿ ಹೋಗಿ ಅನಿಮೋನಿ ಬಿಳಿಚಿಕೊಳ್ಳುತ್ತದೆ. ಟ್ಯಾಂಕಿನ ಜೊತೆ ಬರುವ ಸಾಧಾರಣ ಟ್ಯೂಬ್‌ಲೈಟಿನಿಂದ ಈ ಕೆಲಸ ಆಗದು. ಬಿಳಿಚಿದ್ದನ್ನೇ 'ಬಿಳಿ ಬಣ್ಣದ್ದು, ಅಪರೂಪ' ಎಂದು ಮಾರುವವರೂ ಇದ್ದಾರೆ, ಜೋಕೆ.

"ಅನಿಮೋನಿ ಇಲ್ಲದೆ ಕ್ಲೌನ್ ಮೀನು ಬದುಕುವುದುಂಟಾ?" ಎಂದು ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಬ್ಬರು ಅಂಕಲ್ ಕೇಳಿದರು. ಖಂಡಿತ ಬದುಕುತ್ತದೆ. ಕಡಲಲ್ಲಿ ಅದಕ್ಕೆ ಶತ್ರುಗಳಿದ್ದಾರೆ, ಅಲ್ಲಿ ಅನಿಮೋನಿಯ ಚುಚ್ಚುವ ಎಳೆಗಳೇ ಅದರ ಬೇಲಿ. ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಹಿಡಿದು ತಿನ್ನುವವರು ಯಾರು? ಹ್ಯಾಚರಿಯಲ್ಲಿ ಹುಟ್ಟಿದ ಎಷ್ಟೋ ಮರಿಗಳು ಅನಿಮೋನಿಯನ್ನು ಕಂಡಿರುವುದೇ ಇಲ್ಲ.

ಹ್ಯಾಚರಿ ಎಂದಾಗ ನೆನಪಾಯಿತು. ನಮ್ಮದೇ ಕೇರಳದಲ್ಲಿ, ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ಮರಿ ಮಾಡಿಸಿ ತೋರಿಸಿದ್ದಾರೆ. ಆದ್ದರಿಂದ ಅಂಗಡಿಯಲ್ಲಿ ನಾಚಿಕೆ ಬಿಟ್ಟು ಕೇಳಿ: ಇದು ಹ್ಯಾಚರಿಯದ್ದಾ, ಕಡಲಿಂದ ಹಿಡಿದದ್ದಾ? ಅನಿಮೋನಿಯಾದರೋ ಹೆಚ್ಚಾಗಿ ಬಂಡೆಯಿಂದ ಕಿತ್ತು ತಂದದ್ದೇ. ಒಂದನ್ನು ಕಿತ್ತರೆ ಅಲ್ಲಿದ್ದ ಮೀನಿನ ಸಂಸಾರವೇ ಬೀದಿಗೆ ಬೀಳುತ್ತದೆ. ಕಡಲಲ್ಲಿ ಎಷ್ಟೋ ವರ್ಷ ಬಾಳಬೇಕಾದ ಜೀವ ನಮ್ಮ ಹಾಲಿನಲ್ಲಿ ಹದಿನೈದು ದಿನಕ್ಕೆ ಮುಗಿಯುವುದು ನಮಗೆ ಸರಿ ಕಾಣುವುದಿಲ್ಲ.

ನಮ್ಮ ಸಂಘದಲ್ಲೇ ಎಲ್ಲರೂ ಇದನ್ನು ಒಪ್ಪಿಲ್ಲ. "ಹಾಗಾದರೆ ಮೀನನ್ನಾದರೂ ಯಾಕೆ ಪೆಟ್ಟಿಗೆಯಲ್ಲಿ ಇಡಬೇಕು?" ಎಂದವರಿದ್ದಾರೆ. ಪ್ರಶ್ನೆ ನ್ಯಾಯವೇ. ಆದರೆ ಎದುರಿಗೆ ಕಂಡು, ಕೈಯಾರೆ ತಿನ್ನಿಸಿ ಬೆಳೆದ ಮಗು ನಾಳೆ ಕಡಲಿನ ಬಗ್ಗೆ ಯೋಚಿಸೀತು ಎಂಬ ಆಸೆ ನಮ್ಮದು.

ಇನ್ನೊಂದು ಮಾತು. ಕಡಲು ಹತ್ತಿರ ಇದೆ ಎಂದು ಕೊಡಪಾನ ಹಿಡಿದು ಹೋಗಬೇಡಿ. ಆಟಿ ತಿಂಗಳಲ್ಲಿ ಹೊಳೆಗಳ ಕೆಂಪು ನೀರು ಸೇರಿ ನಮ್ಮ ಕರಾವಳಿಯ ಉಪ್ಪಿನಂಶ ಇಳಿದಿರುತ್ತದೆ, ಕೆಸರು ಬೇರೆ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಇರುವ ಹಾಗೆ ಅಳೆದು ನೋಡಿಕೊಳ್ಳಿ. ನೀರು ಆವಿಯಾದರೆ ತುಂಬಬೇಕಾದ್ದು ಸಿಹಿನೀರು, ಉಪ್ಪುನೀರಲ್ಲ. ಉಪ್ಪು ಆವಿಯಾಗುವುದಿಲ್ಲವಲ್ಲ! ಕರೆಂಟು ಹೋದಾಗ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದಿರಲಿ.

ಆ ಹುಡುಗನ ಟ್ಯಾಂಕನ್ನು ನಾವು ಸೇರಿ ಮತ್ತೆ ಎಬ್ಬಿಸಿದೆವು. ಒಂದೂವರೆ ತಿಂಗಳು ಬರೀ ನೀರು, ಕಲ್ಲು. ಆಮೇಲೆ ಹ್ಯಾಚರಿಯ ಎರಡು ಮರಿ. ಅನಿಮೋನಿ ಬದಲು ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆ, ರಾತ್ರಿ ಎರಡೂ ಅದರೊಳಗೆ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಸಿನಿಮಾದವರು ಇದನ್ನು ಹೇಳಲಿಲ್ಲ. ಈಗ ಒಂದು ಸ್ವಲ್ಪ ದಪ್ಪಗಾಗಿ ಇನ್ನೊಂದನ್ನು ಕುಡಿಕೆಯ ಬಾಯಿಂದ ಅಟ್ಟುತ್ತಿದೆಯಂತೆ. ಹುಡುಗ ಪ್ರತಿ ಭಾನುವಾರ ವರದಿ ಒಪ್ಪಿಸುತ್ತಾನೆ.