ಬಲವಾದ ನಾಯಿಗೆ ಬಿಡುವಿರುವ ಒಡೆಯ ಬೇಕು

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಾಯಿ ಹೊಸದೇನಲ್ಲ. ಕುರಿ ಹಿಂಡಿನ ಹಿಂದೆ, ಶೇಂಗಾ ಬಿಡಿಸುವ ಹೊಲದ ಬದುವಿನಲ್ಲಿ, ಮೆಕ್ಕೆಜೋಳದ ರಾಶಿಯ ಪಕ್ಕದಲ್ಲಿ ಅದು ಇದ್ದೇ ಇರುತ್ತದೆ. ಈಗೀಗ ಕೆಲವು ತೋಟದ ಮನೆಗಳಿಗೆ ಬೇರೆ ತರದ ನಾಯಿ ಬರುತ್ತಿದೆ. ಅಗಲವಾದ ಎದೆ, ದಪ್ಪ ಕುತ್ತಿಗೆ, ಉಬ್ಬಿದ ದವಡೆ, ಮೈಗಂಟಿದ ಗಿಡ್ಡ ಕೂದಲಿನ ಪಿಟ್‌ಬುಲ್. ಮೊಬೈಲಿನಲ್ಲಿ ವಿಡಿಯೊ ನೋಡಿ ಮರಿ ತರಿಸಿ, ನಾಲ್ಕು ದಿನ ಮುದ್ದಾಡಿ, ಬೆಳೆದ ಮೇಲೆ ಪಂಪ್‌ಸೆಟ್ ಮನೆಯ ಕಂಬಕ್ಕೆ ಬಿಗಿದು ಮರೆಯುವವರಿಗೆ ಈ ಮಾತು ಹೇಳಬೇಕಾಗಿದೆ: ದಿನಕ್ಕೆ ಎರಡು ಗಂಟೆ ಕೊಡಲಾರದವರು ಈ ನಾಯಿಯನ್ನು ತರಬಾರದು. ತಂದಾಗಿದ್ದರೆ ಆ ಎರಡು ಗಂಟೆ ಕೊಡಲೇಬೇಕು.

ಈ ತಳಿಯ ಹುಟ್ಟು ತಿಳಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ಇಂಗ್ಲೆಂಡಿನಲ್ಲಿ ಹಿಂದೆ ಗೂಳಿಯನ್ನು ಗೂಟಕ್ಕೆ ಕಟ್ಟಿ ನಾಯಿಗಳನ್ನು ಅದರ ಮೇಲೆ ಬಿಡುವ ಕ್ರೂರ ಆಟವಿತ್ತು. 1835ರಲ್ಲಿ ಅಲ್ಲಿನ ಸಂಸತ್ತು ಅದನ್ನು ನಿಷೇಧಿಸಿತು. ಆಗ ಜೂಜುಕೋರರು ಗುಟ್ಟಾಗಿ ನಾಯಿಗೆ ನಾಯಿಯನ್ನೇ ಕಾದಾಟಕ್ಕೆ ಬಿಡತೊಡಗಿದರು. ಬುಲ್‌ಡಾಗಿನ ಬಲ, ಟೆರಿಯರಿನ ಚುರುಕು ಎರಡೂ ಒಂದೇ ಮೈಯಲ್ಲಿ ಬರಲೆಂದು ತಳಿ ಬೆರೆಸಿದರು. ಆ ನಾಯಿಗಳು ವಲಸಿಗರ ಜೊತೆ ಅಮೆರಿಕಕ್ಕೆ ಹೋದವು. 1898ರಲ್ಲಿ ಅಲ್ಲಿನ ಯುನೈಟೆಡ್ ಕೆನಲ್ ಕ್ಲಬ್ ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಎಂದು ನೋಂದಣಿ ಶುರು ಮಾಡಿತು. ಇದರ ಹತ್ತಿರದ ದಾಯಾದಿಗಳೇ ಸ್ಟಾಫರ್ಡ್‌ಶೈರ್ ತಳಿಗಳು. ತಳಿಯ ಮಾನದಂಡದ ಪ್ರಕಾರ ಗಂಡು ಪಿಟ್‌ಬುಲ್‌ನ ತೂಕ ಸುಮಾರು 16ರಿಂದ 27 ಕಿಲೊ. ಐವತ್ತು ಅರವತ್ತು ಕಿಲೊದ ‘ಪಿಟ್‌ಬುಲ್’ ಎಂದು ಯಾರಾದರೂ ಮಾರಲು ಬಂದರೆ ಅದು ಬೇರೇನೋ ಬೆರಕೆ ಎಂದೇ ತಿಳಿಯಿರಿ.

ಇದರ ದವಡೆ ಬೀಗ ಹಾಕಿದಂತೆ ಕೂತುಬಿಡುತ್ತದೆ ಎನ್ನುವುದು ಸುಳ್ಳು. ಇದರ ದವಡೆಯ ರಚನೆ ಎಲ್ಲ ನಾಯಿಗಳದ್ದರಂತೆಯೇ ಇದೆ. ಹಿಡಿದದ್ದನ್ನು ಬಿಡದ ಹಟ ಮಾತ್ರ ನಿಜ. ನೋವಾದರೂ ಹಿಂದೆ ಸರಿಯದ ನಾಯಿಯನ್ನೇ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ್ದರ ಫಲ ಅದು. ಮನೆಯ ಜನಕ್ಕೆ ಈ ನಾಯಿ ಸಾಮಾನ್ಯವಾಗಿ ಬಹಳ ಅಂಟಿಕೊಳ್ಳುತ್ತದೆ. ಬೇರೆ ನಾಯಿ, ಬೆಕ್ಕು, ಮೇಕೆ ಕಂಡಾಗ ರಕ್ತದಲ್ಲಿ ಬಂದ ಜಗಳ ಏಳಬಹುದು. ಬಲವಿದ್ದು ಹಿಡಿದದ್ದನ್ನು ಬಿಡದ ಕಾರಣ ಇದು ಕಚ್ಚಿದಾಗ ಗಾಯ ಆಳ. 2022ರ ಜುಲೈನಲ್ಲಿ ಲಖನೌದಲ್ಲಿ ಸಾಕಿದ ಪಿಟ್‌ಬುಲ್ ದಾಳಿಗೆ ಮನೆಯದೇ ಹಿರಿಯ ಹೆಂಗಸು ಬಲಿಯಾದರು. ಇಂಥ ಸಾವನ್ನು ‘ನಾಯಿಯದೇನೂ ತಪ್ಪಿಲ್ಲ’ ಎಂದು ಹಗುರ ಮಾಡುವುದು ನಾಯಿಪ್ರೇಮ ಅನ್ನಿಸಿಕೊಳ್ಳುವುದಿಲ್ಲ.

ಹಾಗಾದರೆ ನಿಷೇಧಿಸಿದರೆ ಮುಗಿಯಿತೇ? 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಪಿಟ್‌ಬುಲ್, ಅಮೆರಿಕನ್ ಸ್ಟಾಫರ್ಡ್‌ಶೈರ್, ರಾಟ್‌ವೀಲರ್ ಸೇರಿ ಇಪ್ಪತ್ತಕ್ಕೂ ಹೆಚ್ಚು ತಳಿಗಳ ಆಮದು, ಮಾರಾಟ, ಸಾಕಣೆ ತಡೆಯಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದನ್ನು ರದ್ದು ಮಾಡಿದರು. ಸಂಬಂಧಪಟ್ಟವರನ್ನು ಕೇಳದೆ, ನಿಯಮದಂತೆ ಸಮಿತಿ ರಚಿಸದೆ ಹೊರಡಿಸಿದ ಆದೇಶ ನಿಲ್ಲಲಿಲ್ಲ. ತೀರ್ಪು ಸರಿಯೆಂದೇ ನನ್ನ ನಂಬಿಕೆ. ಬ್ರಿಟನ್ನಿನಲ್ಲಿ 1991ರಿಂದ ಪಿಟ್‌ಬುಲ್ ನಿಷೇಧವಿದೆ. ಆದರೂ ಬೆರಕೆಯಿಂದ ಬಂದ ಇನ್ನೂ ದೊಡ್ಡ ನಾಯಿ ‘ಎಕ್ಸ್‌ಎಲ್ ಬುಲ್ಲಿ’ಯನ್ನು 2023ರಲ್ಲಿ ಅದೇ ಪಟ್ಟಿಗೆ ಸೇರಿಸಬೇಕಾಯಿತು. ಒಂದು ಹೆಸರನ್ನು ತಡೆದರೆ ಇನ್ನೊಂದು ಹೆಸರಿನಲ್ಲಿ ಅದೇ ಚಟ ಬರುತ್ತದೆ.

ನಿಷೇಧ ಬಿದ್ದುಹೋಯಿತೆಂದು ನಾಯಿಯನ್ನು ಬೀದಿಗೆ ಬಿಡಲು ಪರವಾನಗಿ ಸಿಕ್ಕಂತಾಗಲಿಲ್ಲ. ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ನಾಯಿಗಳನ್ನು ಕಾದಾಟಕ್ಕೆ ಹುರಿದುಂಬಿಸುವುದೂ ಅಪರಾಧ, ಅತಿ ಗಿಡ್ಡ ಇಲ್ಲವೇ ಅತಿ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಅಪರಾಧ.

ಇನ್ನು ಆರೈಕೆ. ನಮ್ಮ ಸೀಮೆಯಲ್ಲಿ ಮೊದಲ ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಕಾವು ಇಳಿಸಿಕೊಳ್ಳಬೇಕು. ಮೈತುಂಬ ಸ್ನಾಯುವಿರುವ ನಾಯಿಗೆ ಓಡಿದರೆ ಕಾವು ಬೇಗ ಏರುತ್ತದೆ. ತಗಡಿನ ಚಪ್ಪರದ ಕೆಳಗೆ ಕಟ್ಟಿದರೆ ಅದು ನೆರಳಲ್ಲ, ಒಲೆ. ಬೇವಿನ ಮರದ ಬುಡ, ಗರಿ ಹೊದಿಸಿದ ಚಪ್ಪರ, ಉರುಳದಂಥ ಕಲ್ಲಿನ ದೋಣಿಯಲ್ಲಿ ನೀರು, ಇಷ್ಟು ಬೇಕೇ ಬೇಕು. ತಿರುಗಾಡಿಸುವುದು ಸೂರ್ಯ ಏರುವ ಮುಂಚೆ, ಮುಳುಗಿದ ಮೇಲೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಐದಾರು ಉಸಿರಿನಷ್ಟು ಹೊತ್ತು ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಜೊಲ್ಲು ಗಟ್ಟಿಯಾಗಿ, ವಸಡು ಕಡುಕೆಂಪಾಗಿ, ನಡೆ ತೂರಾಡಿದರೆ ತಡ ಮಾಡಬೇಡಿ. ಸಾದಾ ನೀರನ್ನು ಹೊಟ್ಟೆ, ತೊಡೆಸಂದಿಗೆ ಸುರಿಯುತ್ತ, ಗಾಳಿ ಬೀಸುತ್ತ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡನೆಯ ಶತ್ರು ಉಣ್ಣಿ. ಕುರಿ, ದನ ಓಡಾಡುವ ಊರಲ್ಲಿ ಉಣ್ಣಿ ತಪ್ಪಿದ್ದಲ್ಲ. ಸಂಜೆ ಬಂದ ಮೇಲೆ ಕಿವಿಯನ್ನು ಒಳಮಗ್ಗುಲಿಗೆ ಮಡಚಿ, ಬೆರಳಸಂದಿಗಳನ್ನು ಒಂದೊಂದಾಗಿ ಅಗಲಿಸಿ, ಬಾಲದ ಬುಡ ಸವರಿ ನೋಡಬೇಕು. ಹುಣಸೆಬೀಜದಂತೆ ಬೆರಳಿಗೆ ತಗಲುವ ಗಂಟೇ ರಕ್ತ ಕುಡಿದು ಉಬ್ಬಿದ ಉಣ್ಣಿ. ಅದರಿಂದ ಬರುವ ಎರ್ಲಿಕಿಯಾ, ಬೆಬೇಸಿಯಾ ಜ್ವರಗಳು ಎಂಥ ಗಟ್ಟಿಮುಟ್ಟಾದ ನಾಯಿಯನ್ನೂ ಮಲಗಿಸುತ್ತವೆ. ಗಿಡ್ಡ ಕೂದಲಿನ ಈ ತಳಿಗೆ ಚರ್ಮದ ಅಲರ್ಜಿಯೂ ಹೆಚ್ಚು. ತುರಿಕೆ ನಿಲ್ಲದಿದ್ದರೆ ಡೀಸೆಲ್, ಬೇವಿನೆಣ್ಣೆ ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಿ. ಬರೀ ಹಾಲು, ಅನ್ನದಲ್ಲಿ ಈ ಮೈ ನಿಲ್ಲುವುದಿಲ್ಲ. ಮೊಟ್ಟೆ, ಬೇಯಿಸಿದ ಕೋಳಿ ಮಾಂಸ ಇರಲಿ. ಬೇಯಿಸಿದ ಮೂಳೆ, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ ಮೊದಲ ಸಲ, ನಂತರ ವೈದ್ಯರು ಹೇಳಿದಂತೆ ತಪ್ಪದೆ.

ಇವೆಲ್ಲಕ್ಕಿಂತ ದೊಡ್ಡದು ಒಡನಾಟ. ಮೂರರಿಂದ ಹದಿನಾಲ್ಕು ವಾರದೊಳಗೆ ಮರಿ ಕಂಡದ್ದೆಲ್ಲ ಅದಕ್ಕೆ ಪರಿಚಿತವಾಗುತ್ತದೆ. ಆ ಕಾಲದಲ್ಲಿ ಮಕ್ಕಳು, ಮುದುಕರು, ಬೈಕು, ಟ್ರ್ಯಾಕ್ಟರು, ಕುರಿ, ಸಂತೆಯ ಗದ್ದಲ ಎಲ್ಲವನ್ನೂ ಹೆದರಿಕೆಯಾಗದಂತೆ ತೋರಿಸಬೇಕು. ಲಸಿಕೆ ಪೂರ್ತಿಯಾಗುವ ತನಕ ಎತ್ತಿಕೊಂಡೇ ತೋರಿಸಿದರಾಯಿತು. ಹೊಡೆದು ಕಲಿಸಿದ ನಾಯಿ ಒಂದು ದಿನ ಹೊಡೆದ ಕೈಯನ್ನೇ ಹಿಡಿಯುತ್ತದೆ. ಸಿಟ್ಟು ಬರಲೆಂದು ಖಾರ ತಿನ್ನಿಸುವುದು, ಕತ್ತಲಲ್ಲಿ ಕೂಡಿಹಾಕುವುದು ಶುದ್ಧ ಹಿಂಸೆ. ಹೊರಗೆ ಕರೆದೊಯ್ಯುವಾಗ ಗಟ್ಟಿ ಹಗ್ಗ, ಉಸಿರಾಡಲು ಬರುವಂಥ ಬಾಯಿಕುಕ್ಕೆ ಇರಲಿ. ಚಿಕ್ಕ ಮಕ್ಕಳ ಜೊತೆ ಒಂಟಿಯಾಗಿ ಎಂದೂ ಬಿಡಬೇಡಿ, ಅದು ಎಷ್ಟೇ ಸಾಧುವಾಗಿರಲಿ.

ನಾಯಿಯ ಜೊತೆ ಹೇಗೆ ಬಾಳಬೇಕೆಂದು ನಮ್ಮ ಸೀಮೆಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಹಡಗಲಿಯ ಮೈಲಾರದಲ್ಲಿ ಕಂಬಳಿ ಹೊದ್ದ ಗೊರವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ದೋಣಿಯಲ್ಲಿ ತುಂಬಿದ ಹಾಲು, ಬಾಳೆಹಣ್ಣಿಗೆ ಬಾಯಿಟ್ಟು ನಾಯಿಯಂತೆ ಉಣ್ಣುತ್ತಾರೆ. ನಾಯಿಯ ನಿಷ್ಠೆಯನ್ನು ಭಕ್ತಿಯ ಮಟ್ಟಕ್ಕೇರಿಸಿದ ನೆಲ ಇದು. ಕುರಿಗಾರನ ನಾಯಿಯನ್ನು ನೋಡಿ. ಬೆಳಗಿನಿಂದ ರಾತ್ರಿಯವರೆಗೆ ಅದು ಮನುಷ್ಯನ ಕಣ್ಣಳತೆಯಲ್ಲೇ ಇದೆ, ಅದಕ್ಕೊಂದು ಕೆಲಸವಿದೆ. ಕಂಬಕ್ಕೆ ಕಟ್ಟಿದ ಪಿಟ್‌ಬುಲ್‌ಗೆ ಎರಡೂ ಇಲ್ಲ. ಬರೀ ಹೊಲ ಕಾಯಲು ನಾಯಿ ಬೇಕಿದ್ದರೆ ಬಿಸಿಲಿಗೆ ಒಗ್ಗಿದ ಊರ ನಾಯಿಯೇ ಸಾಕು. ಚೆಂದದ ತಳಿ ಬೇಕಿದ್ದರೆ 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಮುಧೋಳ ನಮ್ಮ ರಾಜ್ಯದ್ದೇ ಇದೆ. ಅದಕ್ಕೂ ಓಡಲು ಬಯಲು, ಒಡೆಯನ ಸಮಯ ಬೇಕು ಅನ್ನುವುದು ನೆನಪಿರಲಿ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. 2017ರ ನಿಯಮದಂತೆ ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಕೊಳ್ಳುವವರು ಆ ನೋಂದಣಿ ಪತ್ರ ಕೇಳಿದರೆ ಕಳ್ಳ ವ್ಯಾಪಾರ ಅರ್ಧ ನಿಂತುಹೋಗುತ್ತದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿಯಂಥ ಊರುಗಳ ಸ್ಥಳೀಯ ಸಂಸ್ಥೆಗಳು, ಗ್ರಾಮ ಪಂಚಾಯಿತಿಗಳು ಇಂಥ ನಾಯಿಗಳ ಪಟ್ಟಿಯೊಂದನ್ನು ಇಟ್ಟು, ಲಸಿಕೆ, ಸಂತಾನಹರಣ, ಬಾಯಿಕುಕ್ಕೆ ಈ ಮೂರನ್ನು ವರ್ಷಕ್ಕೊಮ್ಮೆ ವಿಚಾರಿಸಲಿ. ಕಟ್ಟಿಹಾಕಿದ ನಾಯಿ ಕಂಡರೆ ನೆರೆಯವರು ಮಾಲೀಕನಿಗೆ ಮುಖಾಮುಖಿ ಹೇಳಲಿ. ಸಾಕಲಾಗದವರು ರಾತ್ರೋರಾತ್ರಿ ಹೆದ್ದಾರಿಯ ಪಕ್ಕ ಬಿಟ್ಟು ಬರದೆ, ಸಾಕಬಲ್ಲವರನ್ನು ಹುಡುಕಿ ಒಪ್ಪಿಸಲಿ. ನಾಯಿಗೆ ಕಾದಾಟದ ಬುದ್ಧಿ ಕಟ್ಟಿದ್ದು ಮನುಷ್ಯನೇ. ಅದನ್ನು ತಿದ್ದುವ ಜವಾಬ್ದಾರಿಯೂ ಅವನದೇ.