ಕಲ್ಲಿದ್ದಲಿದ್ದೂ ಕತ್ತಲು

ಪಕ್ಕದ ಮನೆಯ ಹುಡುಗ ದ್ವಿತೀಯ ಪಿ.ಯು.ಸಿ. ಕಳೆದ ವಾರ ಅವನ ತಾಯಿ ಬಂದು, "ನೀವಾದರೂ ಸ್ವಲ್ಪ ಹೇಳಿ ಸಾರ್, ರಾತ್ರಿ ಹನ್ನೊಂದಾದರೂ ಕಂಪ್ಯೂಟರ್ ಮುಂದಿನಿಂದ ಏಳುವುದಿಲ್ಲ" ಎಂದರು. ಬುದ್ಧಿ ಹೇಳಲು ಹೋದ ನಾನೇ ಒಂದೂವರೆ ಗಂಟೆ ಅಲ್ಲಿ ಕುಳಿತೆನೆಂದು ಒಪ್ಪಿಕೊಳ್ಳಬೇಕು.

ಆಟದ ಹೆಸರು ಫ್ಯಾಕ್ಟೋರಿಯೋ. ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ಸಂಸ್ಥೆಯದು; ಪೂರ್ಣ ಆವೃತ್ತಿ ಬಂದದ್ದು 2020ರಲ್ಲಿ. ಅಪರಿಚಿತ ಗ್ರಹದಲ್ಲಿ ಅದಿರು ಅಗೆದು, ಕರಗಿಸಿ, ಕಾರ್ಖಾನೆ ಬೆಳೆಸುತ್ತಾ ಹೋಗಬೇಕು.

ಹುಡುಗ ಮುಖ ಸಪ್ಪೆ ಮಾಡಿಕೊಂಡಿದ್ದ. ಗಣಿಯಲ್ಲಿ ಕಲ್ಲಿದ್ದಲಿದೆ, ಕೆರೆಯಲ್ಲಿ ನೀರಿದೆ, ಬಾಯ್ಲರ್ ಕೆಟ್ಟಿಲ್ಲ. ಆದರೂ ಕಾರ್ಖಾನೆ ನಿಂತಂತೆಯೇ. "ಏನೂ ಮುಟ್ಟಿಲ್ಲ ಅಂಕಲ್, ಹತ್ತು ಲ್ಯಾಬ್ ಹಾಕಿದೆ ಅಷ್ಟೆ" ಎಂದ.

ಕಾಗದ ತೆಗೆಸಿದೆ. ಅವನದು ಒಂದು ಬಾಯ್ಲರ್, ಎರಡು ಉಗಿ ಯಂತ್ರ: ಒಟ್ಟು 1800 ಕಿಲೋವಾಟ್. ಬೇಡಿಕೆಯೂ ಅಷ್ಟೇ ಇತ್ತು. ತಲಾ 60 ಕಿಲೋವಾಟ್‌ನ ಹತ್ತು ಲ್ಯಾಬ್ ಸೇರಿ ಅದು 2400 ಆಯಿತು. ಈ ಆಟದಲ್ಲಿ ಕೊರತೆಯಾದರೆ ದೀಪ ಹಾರುವುದಿಲ್ಲ. ಎಲ್ಲ ಯಂತ್ರಗಳೂ ಶೇ. 75ರ ವೇಗಕ್ಕೆ ಇಳಿಯುತ್ತವೆ. ಹಾಗೆ ಇಳಿದವುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಅಗೆಯುವ ವಿದ್ಯುತ್ ಯಂತ್ರವೂ ಇದೆ! ಅದು ಸೆಕೆಂಡಿಗೆ ಅರ್ಧ ತುಂಡು ತೆಗೆಯುತ್ತದೆ. ಒಂದು ತುಂಡಿನ ಶಕ್ತಿ 4 ಮೆಗಾಜೂಲ್. ಮುಕ್ಕಾಲು ವೇಗದಲ್ಲಿ ಬಾಯ್ಲರಿಗೆ ಸಿಗುವುದು 1500 ಕಿಲೋವಾಟ್‌ನಷ್ಟು ಮಾತ್ರ. ಆಗ ವೇಗ ಶೇ. 62.5. ಮುಂದಿನ ಸುತ್ತಿಗೆ 1250. ಪ್ರತಿ ಸುತ್ತಿನಲ್ಲೂ ಆರರಲ್ಲಿ ಐದು ಪಾಲು.

"ಗುಣೋತ್ತರ ಶ್ರೇಢಿ!" ಎಂದು ಅವನೇ ಕೂಗಿದ. ಪಠ್ಯಪುಸ್ತಕದಲ್ಲಿ ಅದನ್ನು ಕಂಡಾಗ ಹೀಗೆ ಕೂಗಿರಲಾರ. ಬೆಲ್ಟ್ ಮೇಲೆ ಹಳೆಯ ಕಲ್ಲಿದ್ದಲು ಇರುವವರೆಗೆ ಈ ಕುಸಿತ ಕಾಣುವುದಿಲ್ಲ. ಆದ್ದರಿಂದಲೇ "ತಾನಾಗಿ" ಹೋದಂತೆ ಅನಿಸಿದ್ದು.

ನಿಜವಾದ ಶಾಖೋತ್ಪನ್ನ ಸ್ಥಾವರಕ್ಕೂ ಇದೇ ಪಾಡು. ಕಲ್ಲಿದ್ದಲು ಪುಡಿಮಾಡುವ ಗಿರಣಿ, ಗಾಳಿಯ ಪಂಖ, ನೀರಿನ ಪಂಪು ಎಲ್ಲಕ್ಕೂ ವಿದ್ಯುತ್ ಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯ ಜಾಲಗಳೂ ಜೊತೆಗೆ ಬಿದ್ದವು. ಇಂಥ ಹೊತ್ತಿನಲ್ಲಿ ಶುರುವಾಗಲು ಅಲ್ಪ ವಿದ್ಯುತ್ ಸಾಕಾಗುವ ಜಲವಿದ್ಯುತ್ ಘಟಕಗಳೇ ಆಸರೆ. ಕರ್ನಾಟಕ ಅಂದು ಕತ್ತಲಾಗಲಿಲ್ಲ. ದಕ್ಷಿಣದ ಜಾಲ ಉಳಿದ ದೇಶದೊಡನೆ ಒಂದೇ ಲಯದಲ್ಲಿ ಕೂಡಿದ್ದು 2013ರ ಕೊನೆಗೆ.

ಹುಡುಗ ಗಣಿಯಿಂದ ಕಾರ್ಖಾನೆಗೆ ಹೋಗುವ ತಂತಿ ಕಿತ್ತ. ಗಣಿಗೂ ಬಾಯ್ಲರಿಗೆ ಉಣಿಸುವ ಯಂತ್ರದ ಕೈಗಳಿಗೂ ಪುಟ್ಟದೊಂದು ಬಾಯ್ಲರ್, ಉಗಿ ಯಂತ್ರ ಬೇರೆಯಾಗಿ ಇಟ್ಟ. ಅವಕ್ಕೆ ಮೊದಲ ಕಲ್ಲಿದ್ದಲನ್ನು ಕೈಯಿಂದಲೇ ಹಾಕಿದ. ಲ್ಯಾಬುಗಳನ್ನು ಸದ್ಯಕ್ಕೆ ಜಾಲದಿಂದ ಬಿಡಿಸಿದ. "ನಮ್ಮ ಲೋಡ್ ಶೆಡ್ಡಿಂಗೇ ಇದು!" ಎಂದು ಅವನ ತಾಯಿ ಬಾಗಿಲಲ್ಲಿ ನಿಂತು ನಕ್ಕರು.

ಪಾಲಕರು ಇಂಥ ಆಟಗಳಿಗೆಲ್ಲ ಮನೆಯಲ್ಲಿ ಜಾಗ ಕೊಡಲಿ ಎಂದು ನಾನು ಹೇಳುತ್ತಿಲ್ಲ. ಹನ್ನೊಂದು ಗಂಟೆ ಹೆಚ್ಚೇ ಆಯಿತು. ಒಂಬತ್ತೂವರೆಗೆ ಕಂಪ್ಯೂಟರ್ ಬಂದ್ ಎಂದು ತಾಯಿ-ಮಗನಲ್ಲಿ ಒಪ್ಪಂದವಾಗಿದೆ. ಎರಡನೇ ಬಾಯ್ಲರಿಗೆ ಎಷ್ಟು ಕಲ್ಲಿದ್ದಲು ಬೇಕೆಂಬ ಲೆಕ್ಕವನ್ನು ಅವನು ಈಗ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮಾಡುತ್ತಿದ್ದಾನಂತೆ.