ನೀಲಿ ಮೆಟ್ಟಿಲೂ ಜೆಸಿಬಿಯೂ

ಅಮೆರಿಕದ ಪೂರ್ವ ತೀರದಲ್ಲಿರುವ ನಮ್ಮವರು ಅಕ್ಟೋಬರ್ ಬಂತೆಂದರೆ ಎಲೆಗಳ ಬಣ್ಣ ನೋಡಲು ಮ್ಯಾಸಚೂಸೆಟ್ಸಿನ ಬರ್ಕ್‌ಶೈರ್ ಗುಡ್ಡಗಳಿಗೆ ಹೊರಡುತ್ತಾರೆ. ಸ್ಟಾಕ್‌ಬ್ರಿಜ್ ಊರಿನ ನೌಮ್‌ಕೀಗ್ ಬಂಗಲೆಯ ನೀಲಿ ಮೆಟ್ಟಿಲುಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮನೆಗೆ ಬಂದು ಸಕಲೇಶಪುರದ ಕಡೆಯ ಯಾವುದೋ ‘ಹಿಲ್ ವ್ಯೂ ವಿಲ್ಲಾ’ಗೆ ಮುಂಗಡ ಕಳಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಆ ಮೆಟ್ಟಿಲು ಯಾಕೆ ಹಾಗಿದೆ ಎಂದು ಒಬ್ಬರಾದರೂ ಕೇಳಬೇಡವೇ?

ನೌಮ್‌ಕೀಗ್ ಸರಳ ಬದುಕಿನ ಮಾದರಿಯೇನಲ್ಲ. ನ್ಯೂಯಾರ್ಕಿನ ವಕೀಲ ಜೋಸೆಫ್ ಚೋಟ್ 1885-86ರಲ್ಲಿ ಬೇಸಿಗೆ ಕಳೆಯಲು ಕಟ್ಟಿಸಿದ 44 ಕೋಣೆಗಳ ಮನೆ ಅದು. ಇಂಥದ್ದನ್ನು ಆಗಿನ ಸಿರಿವಂತರು ‘ಕಾಟೇಜ್’ ಎನ್ನುತ್ತಿದ್ದರು! 1895ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆದಾಯ ತೆರಿಗೆಯ ವಿರುದ್ಧ ವಾದಿಸಿ ಗೆದ್ದವರಲ್ಲಿ ಈ ಚೋಟ್ ಕೂಡ ಒಬ್ಬರು. ಅವರನ್ನು ಹೊಗಳಲು ನಾನು ಹೊರಟಿಲ್ಲ.

ಆದರೆ ಕಟ್ಟಿದ ರೀತಿ ನೋಡಿ. ಓಲ್ಮ್‌ಸ್ಟೆಡ್‌ನಂಥ ಹೆಸರಾಂತ ತೋಟಶಿಲ್ಪಿ ಮನೆಗೆ ತೋರಿಸಿದ ಜಾಗದಲ್ಲಿ ಮನೆಯವರ ಮೆಚ್ಚಿನ ಓಕ್ ಮರವಿತ್ತು, ಅದಕ್ಕೇ ಅವರು ಒಪ್ಪಲಿಲ್ಲ ಎಂಬುದು ಆ ಬಂಗಲೆಯ ಪ್ರಸಿದ್ಧ ಕಥೆ. ಮುಂದೆ ಮಗಳು ಮೇಬಲ್ ಚೋಟ್‌ಗೆ ಕೆಳಗಿನ ಹೂದೋಟಕ್ಕೆ ಇಳಿಯಲು ಕಡಿದಾದ ಇಳಿಜಾರು ಕಷ್ಟವಾಯಿತು. ಫ್ಲೆಚರ್ ಸ್ಟೀಲ್ 1938ರಲ್ಲಿ ಕೊಟ್ಟ ಉತ್ತರವೇ ನೀಲಿ ಮೆಟ್ಟಿಲು: ಹಂತಹಂತವಾಗಿ ಇಳಿಯುವ ಜೋಡಿ ಮೆಟ್ಟಿಲುಗಳು, ನಡುವೆ ನೀಲಿ ಕಮಾನು, ಕಮಾನಿನೊಳಗೆ ನೀರಿನ ತೊಟ್ಟಿ, ಬಾಗಿದ ಬಿಳಿ ಕಂಬಿ, ಸುತ್ತ ಬರ್ಚ್ ಮರಗಳು. ಇಳಿಜಾರು ಇಳಿಜಾರಾಗಿಯೇ ಉಳಿಯಿತು. ಇಳಿಯುವವರ ಕಾಲಿಗೆ ಸುಲಭವಾಯಿತು. ಸ್ಟೀಲ್ ಮಣ್ಣು ಮುಟ್ಟಲಿಲ್ಲ ಎಂದಲ್ಲ. ದಕ್ಷಿಣದ ಹುಲ್ಲುಹಾಸಿಗೆ ಮಣ್ಣು ತುಂಬಿಸಿದರು. ಅದೂ ಎದುರಿನ ಬೇರ್ ಮೌಂಟನ್‌ನ ಬಾಗಿಗೆ ಹೊಂದುವ ಹಾಗೆ.

ನಾವು ಮುಂಗಡ ಕೊಟ್ಟ ವಿಲ್ಲಾದಲ್ಲಿ ನಡೆಯುವುದೇನು? ಜೆಸಿಬಿ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತದೆ, ಮಣ್ಣನ್ನು ಕೆಳಗಿನ ಹಳ್ಳಕ್ಕೆ ತಳ್ಳುತ್ತದೆ. ಸಮತಟ್ಟಾದ ಜಾಗಕ್ಕೆ ಬೆಂಗಳೂರಿನ ಲೇಔಟಿನದೇ ನಕ್ಷೆ. ಕಾರು ಬಾಗಿಲವರೆಗೆ ಬರಬೇಕಲ್ಲ! ಕೊಡಗಿನ ಹಳೆಯ ಐನ್‌ಮನೆಗಳೂ ಗದ್ದೆ ಕಾಣುವ ದಿಣ್ಣೆಯ ಮೇಲೆಯೇ ಇದ್ದವು, ಆದರೆ ಓಣಿಯಲ್ಲಿ ನಡೆದು ಹತ್ತಬೇಕಿತ್ತು. ಅದನ್ನು ಯಾರೂ ಕೊರತೆ ಎನ್ನಲಿಲ್ಲ.

‘ನಮ್ಮಲ್ಲಿ ಮಳೆ ಜಾಸ್ತಿ, ಗುಡ್ಡ ಕುಸಿಯುವುದು ಸಹಜ’ ಎನ್ನುವವರಿದ್ದಾರೆ. ಮಳೆ ಜಾಸ್ತಿ ಇರುವ ಕಡೆಯೇ ಅಲ್ಲವೇ ಗುಡ್ಡದ ಬುಡ ಕಡಿಯಬಾರದ್ದು? 2018ರ ಆಗಸ್ಟಿನಲ್ಲಿ ಕೊಡಗು ಕುಸಿದಾಗ, ಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತು. ಮಣ್ಣು ಜಾರುವುದು ಕೆಳಗಿರುವವರ ಮೇಲೆ. ವರ್ಷಕ್ಕೆ ಎರಡು ವಾರ ಬಂದು ಹೋಗುವ ನಾವು ಆಗ ಬಾಸ್ಟನ್ನಿನಲ್ಲೋ ದುಬೈಯಲ್ಲೋ ಇರುತ್ತೇವೆ.

ಈ ವಿಲ್ಲಾಗಳಿಗೆ ಹೋಗುವ ದುಡ್ಡಿನಲ್ಲಿ ನಮ್ಮ ಡಾಲರೂ ದಿರ್‌ಹಮೂ ಇವೆ, ಹಾಗಾಗಿ ಕೇಳುವ ಹಕ್ಕೂ ನಮಗಿದೆ. ಬಿಲ್ಡರ್ ಮುಂದಿನ ಸಲ ಬಣ್ಣದ ಬ್ರೋಷರ್ ಕಳಿಸಿದಾಗ ಈಜುಕೊಳದ ಅಳತೆ ಬಿಡಿ. ಎಷ್ಟು ಅಡಿ ಗುಡ್ಡ ಕಡಿದಿರಿ, ಆ ಮಣ್ಣು ಎಲ್ಲಿ ಹಾಕಿದಿರಿ, ಕೆಳಗೆ ಯಾರ ಮನೆ ಇದೆ ಎಂದು ಕೇಳಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.